ಕಕ್ಕೆ ಹೂ ಬಿಟ್ಟಿದ್ದು ಯಾವ ವಾರ? ಮರದ ಲೆಕ್ಕ ಬರೆದಿಡುವವರು ಈಗ ಏಕೆ ಬೇಕು

ಏಪ್ರಿಲ್ ಬಂತೆಂದರೆ ಮುಂಬೈ, ಪುಣೆಯ ರಸ್ತೆಬದಿಯಲ್ಲಿ ಹಳದಿ ಹೂಗೊಂಚಲುಗಳನ್ನು ಇಳಿಬಿಟ್ಟು ನಿಲ್ಲುವ ಮರವೊಂದಿದೆ. ಮರಾಠಿಗರಿಗೆ ಅದು ಬಹಾವಾ. ದೆಹಲಿಯಲ್ಲಿ ಅಮಲ್ತಾಸ್, ಹೈದರಾಬಾದಿನಲ್ಲಿ ರೇಲ, ಚೆನ್ನೈನಲ್ಲಿ ಕೊನ್ರೈ, ಕೇರಳದಲ್ಲಿ ಕಣಿಕೊನ್ನ. ಕನ್ನಡಿಗರಿಗೆ ಇದು ಕಕ್ಕೆ ಮರ. ಬಹಾವಾ ಹೂ ಬಿಟ್ಟ 45 ದಿನಕ್ಕೆ ಮಳೆ ಶುರುವಾಗುತ್ತದೆ ಎಂಬ ನಂಬಿಕೆ ಮಹಾರಾಷ್ಟ್ರದಲ್ಲಿ ಇಂದಿಗೂ ಇದೆ. ಬೇಸಿಗೆಯಲ್ಲಿ ಮರದ ಫೋಟೊ ಸಮೇತ ಈ ಮಾತು ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತದೆ.

ಮಾತು ನಿಜವೇ? ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಮುಂಬೈಗೆ ಮುಂಗಾರು ತಲುಪುವ ವಾಡಿಕೆಯ ದಿನ ಜೂನ್ 11. ಅಲ್ಲಿಂದ 45 ದಿನ ಹಿಂದಕ್ಕೆ ಎಣಿಸಿದರೆ ಏಪ್ರಿಲ್ 27. ಬಹಾವಾ ಹೂ ಬಿಡುವುದೂ ಹೆಚ್ಚುಕಡಿಮೆ ಆಗಲೇ. ಅಂದರೆ, ಮರಕ್ಕೆ ಮಳೆಯ ಸುಳಿವೇ ಇಲ್ಲದಿದ್ದರೂ ಹೆಚ್ಚಿನ ವರ್ಷ ಈ ಮಾತು ನಿಜವಾದಂತೆಯೇ ಕಾಣುತ್ತದೆ. ನಂಬಿಕೆಗೆ ನಿಜವಾದ ಪರೀಕ್ಷೆ ಎದುರಾಗುವುದು ಮಳೆ ದಿನ ತಪ್ಪಿ ಬಂದ ವರ್ಷದಲ್ಲಿ. 2025ರಲ್ಲಿ ಹಾಗೇ ಆಯಿತು. ಆ ವರ್ಷ ಮುಂಗಾರು ಮೇ 26ಕ್ಕೇ, ಅಂದರೆ ವಾಡಿಕೆಗಿಂತ 16 ದಿನ ಮೊದಲೇ ಮುಂಬೈ ತಲುಪಿತು. ಹಾಗಾದರೆ ಬಹಾವಾ ಕೂಡ ಏಪ್ರಿಲ್ 11ರ ಸುಮಾರಿಗೇ ಅರಳಿತ್ತೇ?

ಮಳೆಯ ದಿನ ಹವಾಮಾನ ಇಲಾಖೆಯ ಕಡತದಲ್ಲಿ ಸಿಗುತ್ತದೆ. 1875ರಿಂದ ಆ ಇಲಾಖೆ ಈ ಕೆಲಸ ಮಾಡುತ್ತಿದೆ. ಹೂವಿನ ದಿನವನ್ನು ಹುಡುಕಲು ಅಂಥ ಇಲಾಖೆ ಯಾವುದೂ ಇಲ್ಲ. ಯಾರಾದರೂ ತಮ್ಮ ಬೀದಿಯ ಮರವನ್ನು ವಾರ ವಾರ ನೋಡಿ ಬರೆದಿಟ್ಟಿದ್ದರೆ ಮಾತ್ರ ಉತ್ತರ ಸಿಗುತ್ತದೆ.

ಹೀಗೆ ಬರೆದಿಡುವ ಸ್ವಯಂಸೇವಕರು ಜಗತ್ತಿನ ಹಲವೆಡೆ ಇದ್ದಾರೆ, ಭಾರತದಲ್ಲೂ ಇದ್ದಾರೆ. ಗಿಡ ಚಿಗುರುವುದು, ಹೂ ಬಿಡುವುದು, ಹಣ್ಣಾಗುವುದು, ಹಕ್ಕಿ ವಲಸೆ ಬರುವುದು, ಚಿಟ್ಟೆ ಹಾರಿಹೋಗುವುದು ಇವೆಲ್ಲ ವರ್ಷದ ಯಾವ ಹೊತ್ತಿನಲ್ಲಿ ಆಗುತ್ತವೆ ಎಂಬ ಅಧ್ಯಯನಕ್ಕೆ ಫಿನಾಲಜಿ ಎನ್ನುತ್ತಾರೆ. ಬೆಲ್ಜಿಯಂನ ಸಸ್ಯವಿಜ್ಞಾನಿ ಚಾರ್ಲ್ಸ್ ಮಾರೆನ್ 1849ರಲ್ಲಿ ಈ ಹೆಸರು ಬಳಕೆಗೆ ತಂದರು. ಹೆಸರು ಹುಟ್ಟುವ ಎಷ್ಟೋ ಮೊದಲೇ ಕೆಲಸ ನಡೆದಿತ್ತು.

ಡೈರಿಗಳು ಹೇಳಿದ ಕಥೆ

ಇಂಗ್ಲೆಂಡಿನ ನಾರ್ಫೋಕ್‌ನ ಜಮೀನುದಾರ ರಾಬರ್ಟ್ ಮಾರ್ಷಮ್ 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ಶುರು ಮಾಡಿದರು. ಮೊದಲ ಹೂ, ಮೊದಲ ಚಿಗುರು, ಕಪ್ಪೆಯ ಕೂಗು, ಕೋಗಿಲೆಯ ದನಿ, ಹೀಗೆ ಒಟ್ಟು 27 ಗುರುತುಗಳು. ಅವರ ನಂತರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಆ ಲೆಕ್ಕವನ್ನು 1958ರವರೆಗೆ ಮುಂದುವರಿಸಿದರು. ಇನ್ನೂರಕ್ಕೂ ಹೆಚ್ಚು ವರ್ಷ ಒಂದೇ ಕುಟುಂಬ, ಸರಿಸುಮಾರು ಒಂದೇ ಜಾಗ.

ಜಪಾನಿನ ಕ್ಯೋಟೊ ಇದನ್ನೂ ಮೀರಿಸುತ್ತದೆ. ಅಲ್ಲಿ ಚೆರ್ರಿ ಹೂ ಪೂರ್ತಿ ಅರಳಿದ ದಿನದ ದಾಖಲೆ ಕ್ರಿ.ಶ. 812ರಿಂದ ಸಿಗುತ್ತದೆ. ಅದನ್ನು ಬರೆದವರು ಯಾರೂ ವಿಜ್ಞಾನಿಗಳಲ್ಲ. ಅರಮನೆಯವರು, ಸರದಾರರು, ಸನ್ಯಾಸಿಗಳು ತಮ್ಮ ದಿನಚರಿಯಲ್ಲಿ ಹೂ ನೋಡುವ ಹಬ್ಬ ಯಾವತ್ತು ನಡೆಯಿತು ಎಂದು ಗುರುತು ಹಾಕಿಕೊಂಡಿದ್ದರು, ಅಷ್ಟೆ. ಸಂಶೋಧಕ ಯಾಸುಯುಕಿ ಅವೊನೊ ಅವನ್ನೆಲ್ಲ ಹುಡುಕಿ ಒಂದು ಪಟ್ಟಿಗೆ ತಂದರು. 2021ರಲ್ಲಿ ಕ್ಯೋಟೊದ ಚೆರ್ರಿ ಮಾರ್ಚ್ 26ಕ್ಕೇ ಪೂರ್ತಿ ಅರಳಿದಾಗ, 1,200 ವರ್ಷಗಳಲ್ಲೇ ಇಷ್ಟು ಬೇಗ ಎಂದೂ ಅರಳಿರಲಿಲ್ಲ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಗಿದ್ದು ಆ ಪಟ್ಟಿಯಿಂದ. ಅದಕ್ಕೂ ಹಿಂದಿನ ದಾಖಲೆ 1409ರದ್ದು, ಮಾರ್ಚ್ 27.

ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ 1850ರ ದಶಕದಲ್ಲಿ ಕಾಂಕರ್ಡ್ ಊರಿನ ಹೂಗಳ ದಿನಾಂಕ ಬರೆದಿಟ್ಟಿದ್ದರು. ನೂರೈವತ್ತು ವರ್ಷಗಳ ನಂತರ ಜೀವವಿಜ್ಞಾನಿ ರಿಚರ್ಡ್ ಪ್ರಿಮ್ಯಾಕ್ ಮತ್ತು ಸಂಗಡಿಗರು ಅದೇ ಊರಿನಲ್ಲಿ ಮತ್ತೆ ನೋಡಿ ಹೋಲಿಸಿದಾಗ, ಹೂ ಬಿಡುವುದು ಸರಾಸರಿ ಒಂದು ವಾರದಷ್ಟು ಮುಂದಕ್ಕೆ ಬಂದಿರುವುದು ತಿಳಿಯಿತು.

ನಮ್ಮಲ್ಲಿ ಇಂಥ ತಿಳಿವಳಿಕೆ ಇರಲಿಲ್ಲವೇ? ಧಾರಾಳವಾಗಿತ್ತು. ಕರ್ನಾಟಕದ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಕೇಳದ ಹಳ್ಳಿಯವರು ಕಡಿಮೆ. ಯುಗಾದಿಗೆ ಬೇವಿನ ಹೂ ಬೇಕು, ಮಾವಿನ ಎಲೆ ಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುವುದನ್ನು ಕಾಯುತ್ತಾರೆ. ಎಷ್ಟೋ ಎಸ್ಟೇಟುಗಳಲ್ಲಿ ಮಳೆ ಲೆಕ್ಕ ಬರೆದಿಡುವ ರೂಢಿಯೂ ಇದೆ. ಆದರೆ ಗಾದೆಗೊಂದು ಮಿತಿ ಇದೆ. ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು ಅದು ನೆನಪಿಡುತ್ತದೆ. ಯಾವ ವರ್ಷ ತಪ್ಪಿತು, ಎಷ್ಟು ದಿನ ತಪ್ಪಿತು ಎಂಬುದು ಅದರಲ್ಲಿ ಉಳಿಯುವುದಿಲ್ಲ. ಈಗ ಬೇಕಾಗಿರುವುದು ಆ ತಪ್ಪಿದ ದಿನಗಳ ಲೆಕ್ಕವೇ.

ಸೀಸನ್‌ವಾಚ್ ಎಂದರೇನು?

ಭಾರತದಲ್ಲಿ ಮರಗಳ ಈ ಲೆಕ್ಕ ಇಡುವ ದೊಡ್ಡ ಪ್ರಯತ್ನ ಸೀಸನ್‌ವಾಚ್. 2010ರಲ್ಲಿ ಶುರುವಾದ ಈ ಯೋಜನೆಯ ಹಿಂದೆ ಇರುವುದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಮತ್ತು ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಎರಡೂ ಕರ್ನಾಟಕದ ಸಂಸ್ಥೆಗಳೇ ಆದರೂ ಇದುವರೆಗಿನ ಮಾಹಿತಿಯ ಬಹುಪಾಲು ಬಂದಿರುವುದು ಕೇರಳದಿಂದ. ಮಾತೃಭೂಮಿ ಪತ್ರಿಕೆಯ ‘ಸೀಡ್’ ಕಾರ್ಯಕ್ರಮದ ಮೂಲಕ ಅಲ್ಲಿನ ಶಾಲೆಗಳು ಇದನ್ನು ಕೈಗೆತ್ತಿಕೊಂಡವು. ಶಾಲೆಯ ಅಂಗಳದ ಮಾವು, ಹಲಸು, ಕೊನ್ನ ಮರಗಳ ಮೇಲೆ ಮಕ್ಕಳೇ ಕಣ್ಣಿಟ್ಟರು.

ಕೆಲಸ ತೀರಾ ಸರಳ. ಪಟ್ಟಿಯಲ್ಲಿರುವ ಜಾತಿಯ ಒಂದು ಮರವನ್ನು ಆರಿಸಿಕೊಳ್ಳಬೇಕು. ವಾರಕ್ಕೊಮ್ಮೆ ಹೋಗಿ ನೋಡಬೇಕು. ಚಿಗುರು ಇದೆಯೇ, ಬಲಿತ ಎಲೆ ಇದೆಯೇ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು ಇವೆಯೇ? ಪ್ರತಿಯೊಂದಕ್ಕೂ ಉತ್ತರ ಮೂರರಲ್ಲಿ ಒಂದು: ಇಲ್ಲ, ಸ್ವಲ್ಪ, ಬಹಳ. ಹೂ ಎಣಿಸಬೇಕಾಗಿಲ್ಲ, ಏಣಿ ಹತ್ತಬೇಕಾಗಿಲ್ಲ. ಎರಡು ನಿಮಿಷದ ಕೆಲಸ. ಕಷ್ಟ ಇರುವುದು ಮುಂದಿನ ವಾರವೂ ಹೋಗುವುದರಲ್ಲಿ.

‘ಇಲ್ಲ’ ಎಂಬ ಉತ್ತರಕ್ಕೆ ಬೆಲೆ

ಜನ ಫೋಟೊ ತೆಗೆಯುವುದು ಹೂ ಬಿಟ್ಟಾಗ. ಸುದ್ದಿಮನೆಗಳೂ ಇದಕ್ಕೆ ಹೊರತಲ್ಲ. ಬೆಂಗಳೂರಿನಲ್ಲಿ ಗುಲಾಬಿ ಟಬೂಬಿಯ ಅರಳಿತೆಂದರೆ ‘ಈ ಬಾರಿ ಬೇಗ ಅರಳಿದೆ’ ಎಂಬ ಶೀರ್ಷಿಕೆ ಸಿದ್ಧವಾಗಿಬಿಡುತ್ತದೆ. ಯಾವುದಕ್ಕಿಂತ ಬೇಗ ಎಂದು ಕೇಳಿದರೆ ಉತ್ತರ ಕಷ್ಟ.

ಮಾರ್ಚ್ 20ರಂದು ಒಂದು ಮರ ತುಂಬಾ ಹೂ ಬಿಟ್ಟಿದೆ ಎಂಬ ಫೋಟೊ ಇದೆ ಎಂದುಕೊಳ್ಳಿ. ಹೂ ಶುರುವಾಗಿದ್ದು 19ಕ್ಕೋ ಅಥವಾ ಫೆಬ್ರವರಿ ಕೊನೆಗೋ? ಫೋಟೊ ಹೇಳುವುದಿಲ್ಲ. ಅದೇ ಮರಕ್ಕೆ ಮಾರ್ಚ್ 6ರಂದು ‘ಹೂ ಇಲ್ಲ’, 13ರಂದು ‘ಸ್ವಲ್ಪ’, 20ರಂದು ‘ಬಹಳ’ ಎಂದು ದಾಖಲಾಗಿದ್ದರೆ ಹೂ ಶುರುವಾದ ವಾರ ಸಿಕ್ಕಿಬಿಟ್ಟಿತು. ಇಲ್ಲಿ ಕೆಲಸ ಮಾಡಿದ್ದು ಆ ಬೋಳು ಮರದ ದಾಖಲೆ. ಬಹುತೇಕರು ಬರೆಯಲು ಬೇಸರಪಡುವುದೂ ಅದನ್ನೇ.

ಹಕ್ಕಿಗಳ ವಿಷಯದಲ್ಲೂ ಇದೇ ತೊಡಕು. ಮುಂಗಾರಿನ ಜೊತೆ ಆಫ್ರಿಕಾದಿಂದ ಉತ್ತರ ಮತ್ತು ಮಧ್ಯ ಭಾರತಕ್ಕೆ ಬರುವ ಚಾತಕ ಪಕ್ಷಿಯನ್ನು ಮಳೆಯ ದೂತ ಎಂದೇ ಹಿಂದಿನಿಂದ ಕರೆಯುತ್ತಾರೆ. 2007ರಲ್ಲಿ ಎನ್‌ಸಿಬಿಎಸ್‌ನಿಂದ ಶುರುವಾದ ಮೈಗ್ರಂಟ್‌ವಾಚ್‌ನಲ್ಲಿ ಸ್ವಯಂಸೇವಕರು ವಲಸೆ ಹಕ್ಕಿಗಳನ್ನು ಮೊದಲು ಕಂಡ ದಿನಾಂಕ ಕಳುಹಿಸುತ್ತಿದ್ದರು. ಚಾತಕವೂ ಅದರಲ್ಲಿತ್ತು. ಆದರೆ ಹುಡುಕುವ ಕಣ್ಣು ಹೆಚ್ಚಿದಷ್ಟೂ ‘ಮೊದಲು ಕಂಡ ದಿನ’ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಹಕ್ಕಿ ಬೇಗ ಬಂತೋ, ನೋಡುವವರು ಹೆಚ್ಚಾದರೋ ಎಂದು ಬೇರ್ಪಡಿಸಲು ಹಕ್ಕಿ ಕಾಣದ ದಿನಗಳ ಪಟ್ಟಿಯೂ ಬೇಕು. ಈಗ ಹಕ್ಕಿ ವೀಕ್ಷಕರು ಇಬರ್ಡ್‌ನಲ್ಲಿ ಆ ದಿನ ಕಂಡ ಎಲ್ಲ ಹಕ್ಕಿಗಳ ಪೂರ್ಣ ಪಟ್ಟಿ ಹಾಕುವುದರಿಂದ, ಪಟ್ಟಿಯಲ್ಲಿಲ್ಲದ ಹಕ್ಕಿಯೂ ಮಾಹಿತಿಯಾಗುತ್ತದೆ. ‘ಭಾರತದ ಹಕ್ಕಿಗಳ ಸ್ಥಿತಿಗತಿ 2023’ ವರದಿ 942 ಜಾತಿಗಳನ್ನು ಪರಿಶೀಲಿಸಿದ್ದು 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ಕೊಟ್ಟ ಸುಮಾರು 3 ಕೋಟಿ ದಾಖಲೆಗಳ ಆಧಾರದಲ್ಲಿ. ಮರಗಳಿಗೆ ಅಂಥ ಜನಬಲ ಇನ್ನೂ ಸಿಕ್ಕಿಲ್ಲ.

ದಿನ ಸರಿದರೆ ಆಗುವುದೇನು?

ಹೂ ಹತ್ತು ದಿನ ಮೊದಲು ಬಂದರೆ ಯಾರಿಗೇನು ನಷ್ಟ ಎನಿಸಬಹುದು. ನೆದರ್‌ಲ್ಯಾಂಡ್ಸ್‌ನ ಹೋಗೆ ವೆಲುವೆ ಕಾಡಿನಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಈ ಹಕ್ಕಿ ಮರಿಗಳಿಗೆ ಉಣಿಸುವುದು ಕಂಬಳಿಹುಳು. ವಸಂತ ಬೆಚ್ಚಗಾದಂತೆ ಹುಳುಗಳ ಸುಗ್ಗಿ ಬೇಗ ಬರತೊಡಗಿತು. ಹಕ್ಕಿ ಮೊಟ್ಟೆ ಇಡುವ ದಿನ ಅಷ್ಟು ವೇಗದಲ್ಲಿ ಮುಂದಕ್ಕೆ ಬರಲಿಲ್ಲ. ಮರಿಗಳಿಗೆ ಅತಿ ಹೆಚ್ಚು ಆಹಾರ ಬೇಕಾದ ಹೊತ್ತಿಗೆ ಸುಗ್ಗಿ ಮುಗಿಯುತ್ತಾ ಬಂದಿರುತ್ತಿತ್ತು. ಹೂ ಮತ್ತು ಜೇನು, ಹಣ್ಣು ಮತ್ತು ಬಾವಲಿ, ಚಿಗುರು ಮತ್ತು ಚಿಟ್ಟೆ ಹೀಗೆ ಎಲ್ಲ ಜೋಡಿಗಳ ನಡುವೆಯೂ ಇಂಥ ಸಮಯದ ಹೊಂದಾಣಿಕೆ ಇರುತ್ತದೆ.

ಮುಂಬೈನವರಿಗೆ ಹಾಪುಸ್ ಮಾವಿನ ಉದಾಹರಣೆ ಇನ್ನೂ ಹತ್ತಿರದ್ದು. ಮಾವಿಗೆ ಹೂ ಬರಲು ಮಳೆ ನಿಂತ ನಂತರದ ಒಣಹವೆ ಮತ್ತು ತಂಪು ರಾತ್ರಿಗಳು ಬೇಕು. ಮಳೆ ಲಂಬಿಸಿದರೆ ಮರ ಹೂವಿನ ಬದಲು ಚಿಗುರಿಗೆ ಶಕ್ತಿ ಹಾಕುತ್ತದೆ, ಹೂ ತಡವಾಗುತ್ತದೆ. ಹೂ ಬಿಟ್ಟ ಮೇಲೆ ಅಕಾಲ ಮಳೆ, ಮೋಡ ಬಂದರೆ ರೋಗ ತಗಲುತ್ತದೆ. ಮಾರುಕಟ್ಟೆಯ ಪೆಟ್ಟಿಗೆಯ ಬೆಲೆ ಹಿಂದಿನ ಚಳಿಗಾಲದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.

ಹಾಗೆಂದು ಬೇಗ ಅರಳಿದ ಮರವನ್ನೆಲ್ಲ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ಕ್ಯೋಟೊದ ಚೆರ್ರಿಗೆ ಚಳಿಗಾಲದ ಚಳಿ ಮತ್ತು ವಸಂತದ ಬಿಸಿ ಮುಖ್ಯ. ಉಷ್ಣವಲಯದ ಮರಗಳಿಗೆ ಬಿಸಿಲಿನ ಜೊತೆಗೆ ಮಳೆ, ಮಣ್ಣಿನ ತೇವ, ಒಣಗಿದ ಅವಧಿ, ಹಗಲಿನ ಉದ್ದ ಎಲ್ಲವೂ ಸೇರಿಕೊಳ್ಳುತ್ತವೆ. ಒಂದೇ ಬೀದಿಯ ಎರಡು ಕಕ್ಕೆ ಮರಗಳೇ ಒಟ್ಟಿಗೆ ಅರಳುವುದಿಲ್ಲ. ಒಂದಕ್ಕೆ ಪಕ್ಕದ ಉದ್ಯಾನದ ನೀರು ಸಿಗುತ್ತದೆ, ಇನ್ನೊಂದರ ಬೇರಿನ ಮೇಲೆ ಕಾಂಕ್ರೀಟು. ಕೇರಳದಲ್ಲಿ ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಬಹಳ ಮೊದಲೇ ಕೊನ್ನ ಅರಳುತ್ತಿದೆ ಎಂಬ ಮಾತು ವರ್ಷವರ್ಷವೂ ಕೇಳಿಬರುತ್ತದೆ. ಈಗ ಯಾವ ತಿಂಗಳಲ್ಲಿ ಎಷ್ಟು ಮರ ಅರಳುತ್ತವೆ ಎಂಬುದನ್ನು ಶಾಲಾ ಮಕ್ಕಳ ದಾಖಲೆ ತೋರಿಸಬಲ್ಲದು. ಐವತ್ತು ವರ್ಷದ ಹಿಂದೆ ಹೇಗಿತ್ತು ಎಂಬುದನ್ನು ಆ ದಾಖಲೆ ತೋರಿಸಲಾರದು. ಇವತ್ತಿನ ಪಟ್ಟಿ ಇವತ್ತಿನದಕ್ಕಿಂತ ಮುಂದಿನವರಿಗೇ ಹೆಚ್ಚು ಉಪಯೋಗಕ್ಕೆ ಬರುವಂಥದ್ದು.

ಅದಕ್ಕಾಗಿಯೇ ಬೇರೆ ಬೇರೆ ಊರುಗಳ ಮರ ಬೇಕು. ಕಕ್ಕೆ ಕೇರಳದಲ್ಲಿ ಮಾರ್ಚ್‌-ಏಪ್ರಿಲ್‌ನಲ್ಲಿ, ದೆಹಲಿಯಲ್ಲಿ ಮೇ-ಜೂನ್‌ನಲ್ಲಿ ಮೈತುಂಬಾ ಅರಳುತ್ತದೆ. ನಡುವಿನ ಹೈದರಾಬಾದ್, ಪುಣೆ, ಬೆಳಗಾವಿ, ಕಲಬುರಗಿಗಳಲ್ಲಿ ಈ ಹಳದಿ ಅಲೆ ಯಾವ ವಾರ ಹಾದುಹೋಗುತ್ತದೆ? ಹೌಸಿಂಗ್ ಸೊಸೈಟಿಯ ಗೇಟಿನ ಬಳಿ ನಿಂತ ಮರವೇ ಇದಕ್ಕೆ ಸಾಕು. ಕಾಡಿಗೆ ಹೋಗಬೇಕೆಂದಿಲ್ಲ.

ಶುರು ಮಾಡುವವರಿಗೆ ಒಂದೆರಡು ವ್ಯಾವಹಾರಿಕ ಮಾತು. ದಿನವೂ ಹಾದುಹೋಗುವ ದಾರಿಯ ಮರವನ್ನೇ ಆರಿಸಿಕೊಳ್ಳಿ, ಚಂದದ ಮರವನ್ನಲ್ಲ. ವಾರದ ಒಂದು ದಿನ ಗೊತ್ತು ಮಾಡಿಕೊಳ್ಳಿ. ಒಂದು ವಾರ ತಪ್ಪಿದರೆ ನೆನಪಿನಿಂದ ತುಂಬಬೇಡಿ, ಖಾಲಿ ಬಿಡಿ. ಪಾಲಿಕೆಯವರು ಕೊಂಬೆ ಕಡಿದರೆ ಅದನ್ನೂ ಪಕ್ಕದಲ್ಲಿ ಬರೆದಿಡಿ, ಏಕೆಂದರೆ ಮುಂದಿನ ಹೂ ತಡವಾದದ್ದಕ್ಕೆ ಅದೇ ಕಾರಣವಿರಬಹುದು. ಇನ್ನು, ಕಕ್ಕೆಯನ್ನು ಆರಿಸಿಕೊಳ್ಳುವವರು ಬೇಸಿಗೆಗೆ ಕಾಯಬೇಕಾಗಿಲ್ಲ. ಹೂವಿಲ್ಲದ ತಿಂಗಳಲ್ಲೂ ಅದರ ಗುರುತು ಸುಲಭ. ಕೋಲಿನಂತೆ ಒಂದೊಂದಡಿ ಉದ್ದಕ್ಕೆ ಜೋತುಬಿದ್ದ ಕಪ್ಪು ಕಾಯಿಗಳನ್ನು ನೋಡಿದರೆ ಸಾಕು. ಮೊದಲ ವಾರದ ದಾಖಲೆ ಅಲ್ಲಿಂದಲೇ ಶುರು: ಹಣ್ಣು ಬಹಳ, ಹೂ ಇಲ್ಲ.