ಜಾನುವಾರುಗಳಲ್ಲಿ ಉಣ್ಣೆಗಳ ನಿಯಂತ್ರಣ

ಉಣ್ಣೆಗಳು (ಉಣುಗು) ಜಾನುವಾರುಗಳ ಚರ್ಮಕ್ಕೆ ಅಂಟಿಕೊಂಡು ರಕ್ತ ಹೀರುವ ಬಾಹ್ಯ ಪರೋಪಜೀವಿಗಳು. ಇವುಗಳ ಬಾಧೆಯಿಂದ ರಕ್ತಹೀನತೆ ಉಂಟಾಗಿ ಹಾಲಿನ ಇಳುವರಿ ಕುಂಠಿತಗೊಳ್ಳುತ್ತದೆ. ಥೈಲೇರಿಯಾಸಿಸ್, ಬೆಬೀಸಿಯೋಸಿಸ್ ಎಂಬ ಮಾರಕ ರೋಗಗಳೂ ಇವುಗಳ ಮೂಲಕ ಹರಡುತ್ತವೆ. ಮಿಶ್ರತಳಿ ರಾಸುಗಳು ದೇಶೀ ತಳಿಗಳಿಗಿಂತ ಹೆಚ್ಚು ಬಾಧೆಗೊಳಗಾಗುತ್ತವೆ.

ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆಯು ನೆಲಕ್ಕೆ ಬಿದ್ದು, ಗೋಡೆಯ ಬಿರುಕು ಹಾಗೂ ಮಣ್ಣಿನ ಸಂದುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆದುದರಿಂದ ರಾಸುವಿಗೆ ಮಾತ್ರ ಔಷಧಿ ಸಿಂಪಡಿಸಿದಲ್ಲಿ ಬಾಧೆ ಮರುಕಳಿಸುತ್ತದೆ.

ಅನುಸರಿಸಬೇಕಾದ ಕ್ರಮಗಳು:

1. ಹಿಂಡಿನ ಎಲ್ಲಾ ರಾಸುಗಳಿಗೂ ಕೊಟ್ಟಿಗೆಗೂ ಒಂದೇ ದಿನ ಔಷಧೋಪಚಾರ ಮಾಡತಕ್ಕದ್ದು. ಗೋಡೆಯ ಬಿರುಕುಗಳನ್ನು ಮುಚ್ಚಬೇಕು.
2. ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಮುಂತಾದ ಔಷಧಿಗಳನ್ನು ಪಶುವೈದ್ಯರು ಸೂಚಿಸಿದ ಪ್ರಮಾಣದಲ್ಲಿಯೇ ಬಳಸಬೇಕು. ಪ್ರಮಾಣ ಕಡಿಮೆಯಾದಲ್ಲಿ ಉಣ್ಣೆಗಳು ಔಷಧಿಗೆ ನಿರೋಧಕತೆ ಪಡೆಯುತ್ತವೆ.
3. ಸಿಂಪಡಿಸುವ ಮೊದಲು ರಾಸುವಿಗೆ ಸಾಕಷ್ಟು ನೀರು ಕುಡಿಸಬೇಕು; ಔಷಧಿಯನ್ನು ನೆಕ್ಕದಂತೆ ನೋಡಿಕೊಳ್ಳಬೇಕು. ಗಾಯಗಳಿರುವಲ್ಲಿ ಸಿಂಪಡಿಸಬಾರದು.
4. ಕಿವಿಯ ಒಳಭಾಗ, ಗಂಗೆದೊಗಲು, ಕೆಚ್ಚಲು ಮತ್ತು ಬಾಲದ ಬುಡವನ್ನು ತಪ್ಪದೇ ಪರೀಕ್ಷಿಸಬೇಕು.
5. ವೈದ್ಯರ ಸಲಹೆಯಂತೆ 2ರಿಂದ 3 ವಾರಗಳ ನಂತರ ಉಪಚಾರವನ್ನು ಪುನರಾವರ್ತಿಸಬೇಕು.
6. ಹಾಲು ಕರೆಯುವ ಹಸುಗಳಿಗೆ ವೈದ್ಯರ ಸಲಹೆಯಿಲ್ಲದೆ ಐವರ್‌ಮೆಕ್ಟಿನ್ ಚುಚ್ಚುಮದ್ದು ಕೊಡಿಸಬಾರದು. ಔಷಧಿಯ ಅಂಶವು ಹಾಲಿನಲ್ಲಿ ಸೇರುತ್ತದೆ.

ಮಲೆನಾಡಿನಲ್ಲಿ ಕಾಡಿಗೆ ಮೇಯಲು ಹೋಗುವ ರಾಸುಗಳು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಉಣ್ಣೆಗಳನ್ನು ಮನೆಗೆ ತರುವ ಸಂಭವವಿದೆ. ಉಣ್ಣೆಗಳನ್ನು ಬರಿಗೈಯಿಂದ ಹಿಸುಕಬಾರದು.

ರಾಸುವಿನಲ್ಲಿ ತೀವ್ರ ಜ್ವರ, ಕೆಂಪು ಮೂತ್ರ ಅಥವಾ ದುಗ್ಧಗ್ರಂಥಿಗಳ ಊತ ಕಂಡುಬಂದಲ್ಲಿ ವಿಳಂಬ ಮಾಡದೆ ಸಮೀಪದ ಪಶುವೈದ್ಯಕೀಯ ಸಂಸ್ಥೆಯನ್ನು ಅಥವಾ ಸಹಾಯವಾಣಿ 1962 ಅನ್ನು ಸಂಪರ್ಕಿಸುವುದು.