ಪೇಟೆ ಮನೆಯ ಸೆಖೆಗೆ ಯಾವ ಯಂತ್ರ, ಎಷ್ಟು ಯಂತ್ರ?



ಅಡಿಕೆ ಸುಲಿದು ಮಂಡಿಗೆ ಹೋಗಿ, ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸರಿಯಾಗಿ ಬೇಸಿಗೆ ಬರುತ್ತದೆ. ನಮ್ಮ ಸದಸ್ಯರಲ್ಲಿ ಅನೇಕರು ಮಕ್ಕಳ ಓದಿಗೆಂದು, ವಯಸ್ಸಾದ ತಂದೆತಾಯಿಯರ ಔಷಧೋಪಚಾರಕ್ಕೆಂದು ದಾವಣಗೆರೆಯಲ್ಲೋ ಹರಿಹರದಲ್ಲೋ ಒಂದು ಮನೆ ಮಾಡಿಕೊಂಡಿದ್ದಾರೆ. ಫೆಬ್ರವರಿ ಕಳೆಯಿತೆಂದರೆ, ಸಂಘದ ಕಚೇರಿಗೆ ಬಂದವರು ಗೊಬ್ಬರದ ಮಾತು ಮುಗಿಸಿ, "ಸೆಕ್ರೆಟರಿಯವರೇ, ಪೇಟೆ ಮನೆಗೆ ಏಸಿ ಹಾಕಿಸಬೇಕು, ಯಾವುದು ತಗೊಳ್ಳೋಣ?" ಎಂದು ಕೇಳುವುದು ವಾಡಿಕೆಯಾಗಿದೆ. ಅಂಗಡಿಯವರೋ ಬೇಸಿಗೆಗೆ ತಂಪು, ಚಳಿಗಾಲಕ್ಕೆ ಬಿಸಿ, ಎರಡನ್ನೂ ಕೊಡುವ ಸಂಪೂರ್ಣ ವ್ಯವಸ್ಥೆಯೆಂದು ಬಣ್ಣದ ಹಾಳೆ ತೋರಿಸುತ್ತಾರೆ. ಹಣ ಕಟ್ಟುವ ಮೊದಲು ಈ ಎರಡು ಪುಟ ಓದಿರೆಂದು ನಮ್ಮ ವಿನಂತಿ.

ಬಿಸಿಯ ಮಾತನ್ನು ಮೊದಲೇ ಮುಗಿಸಿಬಿಡೋಣ. ದಾವಣಗೆರೆಯ ಚಳಿಗೆ ಒಂದು ಕಂಬಳಿ ಸಾಕು. 'ಹಾಟ್ ಅಂಡ್ ಕೋಲ್ಡ್' ಎಂಬ ಯಂತ್ರ ದೆಹಲಿ, ಪಂಜಾಬಿನಂಥ ಕಡೆಗೆ ಸರಿಯೇ ಹೊರತು, ಇಲ್ಲಿ ಅದಕ್ಕೆಂದು ಹೆಚ್ಚಿಗೆ ತೆರುವ ಹಣ ದಂಡ. ನಮಗೆ ಬೇಕಾದ ಬಿಸಿ ಬಚ್ಚಲಿನದು. ಬಿಸಿಲು ಹೇರಳವಾಗಿರುವ ಈ ಸೀಮೆಯಲ್ಲಿ ಮೂರು-ನಾಲ್ಕು ಜನಕ್ಕೆ 100 ಲೀಟರಿನ ಸೋಲಾರ್ ಹೀಟರ್ ಸಾಕಾಗುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಗಾಜಿನ ಕೊಳವೆಯ ಬಗೆ ಒಳ್ಳೆಯದು. ಕಟ್ಟಿದ ಬಿಳಿ ಕಿಟ್ಟವನ್ನು ತೆಗೆಯುವುದು ಅದರಲ್ಲಿ ಸುಲಭ. ತೋಟದ ಮನೆಯಲ್ಲಾದರೆ ಹಂಡೆ ಒಲೆಯೂ ಅಡಿಕೆ ಸಿಪ್ಪೆಯೂ ಇರುವಾಗ ಬೇರೆ ಮಾತೇಕೆ? ಆದರೆ ಮಲೆನಾಡಿನ ಸದಸ್ಯರಿಗೆ ಒಂದು ಎಚ್ಚರಿಕೆ. ಮಳೆಗಾಲದ ಥಂಡಿಗೆಂದು ಕೆಂಡದ ಬಾಂಡಲೆಯನ್ನು ಕೋಣೆಯೊಳಗಿಟ್ಟು, ಬಾಗಿಲು ಕಿಟಕಿ ಮುಚ್ಚಿ ಎಂದೂ ಮಲಗಬಾರದು. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿಯೇ ಪ್ರಾಣ ಹೋಗುತ್ತದೆ.

ಇನ್ನು ಸೆಖೆ. ಏಪ್ರಿಲ್-ಮೇ ತಿಂಗಳಲ್ಲಿ ದಾವಣಗೆರೆಯ ಹಗಲು 38-40 ಡಿಗ್ರಿ ಮುಟ್ಟುತ್ತದೆ. ಹತ್ತಿರದ ಹರಿಹರಕ್ಕೆ ತುಂಗಭದ್ರೆಯ ದಂಡೆಯಿದ್ದರೂ ಅಲ್ಲಿನ ಬಿಸಿಲೇನೂ ಕಡಿಮೆಯಿಲ್ಲ. ಆದರೆ ಸದಸ್ಯರ ದೂರು ಹಗಲಿನದಲ್ಲ, ರಾತ್ರಿಯದು. ಹೊರಗೆ ಗಾಳಿ ತಣ್ಣಗಾದರೂ ಒಳಗೆ ಮಲಗುವ ಕೋಣೆ ಮಂಡಕ್ಕಿ ಭಟ್ಟಿಯಂತಿರುತ್ತದೆ ಎನ್ನುತ್ತಾರೆ. ಕಾರಣ ತಲೆಯ ಮೇಲೆಯೇ ಇದೆ. ನಾಲ್ಕೈದು ಅಂಗುಲದ ಆರ್.ಸಿ.ಸಿ. ತಾರಸಿ ಹಗಲೆಲ್ಲ ಬಿಸಿಲು ಕುಡಿದು, ಕೆಲವು ತಾಸು ತಡೆದು, ಸಂಜೆ ಏಳರಿಂದ ನಡುರಾತ್ರಿಯವರೆಗೆ ಅದನ್ನು ಕೋಣೆಯೊಳಕ್ಕೆ ಕಾರುತ್ತದೆ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ದಪ್ಪವಾಗಿತ್ತು, ಗವಾಕ್ಷಿಯಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು. ತೆಳ್ಳನೆಯ ತಾರಸಿಯ ಕೆಳಗೆ ಏಸಿ ಇಟ್ಟರೆ ಅದು ರಾತ್ರಿಯಿಡೀ ತಾರಸಿಯೊಡನೆ ಗುದ್ದಾಡುತ್ತದೆ. ಗುದ್ದಾಟದ ಬಿಲ್ಲು ನಮಗೆ ಬರುತ್ತದೆ.

ಇದನ್ನು ತೋಟಗಾರರಿಗೆ ಹೇಳಿಕೊಡಬೇಕಾದುದಿಲ್ಲ. ನೈಋತ್ಯದ ಬಿಸಿಲು ಬಿದ್ದು ಅಡಿಕೆ ಮರದ ಕಾಂಡ ಸೀಳುತ್ತದೆಂದು ನಾವು ಸೋಗೆ ಕಟ್ಟುತ್ತೇವೆ, ಸುಣ್ಣ ಬಳಿಯುತ್ತೇವೆ. ಕಾಫಿಗೆ ನೆರಳಿನ ಮರ ಬಿಡುತ್ತೇವೆ. ಮರಕ್ಕೆ ಮಾಡಿದ ಉಪಚಾರವನ್ನು ಮನೆಗೂ ಮಾಡಿದರಾಯಿತು. ಬೋರ್ಡೋ ದ್ರಾವಣಕ್ಕೆಂದು ತರುವ ಸುಣ್ಣವನ್ನೇ ಅರಳಿಸಿ, ಸ್ವಲ್ಪ ಅಂಟು ಬೆರೆಸಿ, ತಾರಸಿಯನ್ನು ಚೆನ್ನಾಗಿ ತೊಳೆದು, ಮಾರ್ಚ್ ಒಳಗೆ ಎರಡು ಕೈ ಹೊಡೆಸಿರಿ. ಮೇಲಂತಸ್ತಿನ ಕೋಣೆಯಲ್ಲಿ ಎರಡರಿಂದ ಐದು ಡಿಗ್ರಿಯಷ್ಟು ಸೆಖೆ ತಗ್ಗಬಹುದು. ಖರ್ಚು ಕೆಲವೇ ಸಾವಿರ. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಹೊಡೆಸಬೇಕು, ಅಷ್ಟೇ. ತೋಟದಿಂದ ಸೋಗೆ ತಂದು ತಾರಸಿಯ ಮೇಲೆ ಆಳೆತ್ತರಕ್ಕೆ ಚಪ್ಪರ ಹಾಕುವುದು ಇನ್ನೂ ಉತ್ತಮ. ಆದರೆ ವಿದ್ಯುತ್ ತಂತಿ ಸಮೀಪವಿದ್ದರೆ ಬೇಡ, ಒಣ ಸೋಗೆಗೆ ಕಿಡಿ ಸಾಕು. ಪಶ್ಚಿಮದ ಗೋಡೆಗೆ ಒಂದು ಬೇವೋ ಹೊಂಗೆಯೋ ಇರಲಿ.

ಸುಣ್ಣವೆಂದರೆ ಬಡವರ ಉಪಾಯವೆಂದು ಮೂಗು ಮುರಿಯುವವರೂ ಇದ್ದಾರೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿ, ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. 2013ರಲ್ಲಿ ಅಲ್ಲಿಯವರು ಬಿಸಿಗಾಳಿಯನ್ನು ಎದುರಿಸಲು ಕಾರ್ಯಯೋಜನೆ ರೂಪಿಸಿದರು. ಮುಂದೆ ಸಾವಿರಾರು ತಾರಸಿಗಳಿಗೆ ಬಿಳಿ ಬಣ್ಣ ಬಳಿಸುವುದೂ ಅದರೊಳಗೆ ಸೇರಿತು. ರಾತ್ರಿಯೂ ತಣಿಯದ ಕೋಣೆ ಮುದುಕರಿಗೆ, ಹೃದ್ರೋಗಿಗಳಿಗೆ, ಎಳೆ ಕೂಸುಗಳಿಗೆ ಅಪಾಯಕಾರಿ. ತಂದೆತಾಯಿಯರನ್ನು ಮೇಲಂತಸ್ತಿನಲ್ಲಿ ಮಲಗಿಸಿದ್ದರೆ ಏಪ್ರಿಲಿಗೆ ಮೊದಲು ಕೆಳಗಿನ ಕೋಣೆಗೆ ತನ್ನಿರಿ.

ತಾರಸಿಯ ಕೆಲಸವಾದ ಮೇಲೆ ಗಾಳಿ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ. ಆದುದರಿಂದ ಜನರಿಲ್ಲದ ಕೋಣೆಯಲ್ಲಿ ಅದು ತಿರುಗಿ ಫಲವಿಲ್ಲ. ಹಳೆಯ ಫ್ಯಾನು 75 ವಾಟ್ ತಿಂದರೆ ಬಿ.ಎಲ್.ಡಿ.ಸಿ. ಫ್ಯಾನಿಗೆ 30-35 ಸಾಕು. ಏರ್ ಕೂಲರಿನ ವಿಷಯದಲ್ಲಿ ದಾವಣಗೆರೆಯವರು ಅದೃಷ್ಟವಂತರು. ಒಣ ಹವೆಯಲ್ಲಿ ನೀರು ಬೇಗ ಆರಿ ಗಾಳಿ ತಂಪಾಗುತ್ತದೆ. ಮಾರ್ಚ್‌ನಿಂದ ಮೇ ನಡುವಿನವರೆಗೆ ಕೂಲರ್ ಚೆನ್ನಾಗಿ ನಡೆಯುತ್ತದೆ. ಅದನ್ನು ಕಿಟಕಿಗೆ ಇಟ್ಟು ಎದುರಿನ ಕಿಟಕಿಯನ್ನು ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಮೈಯೆಲ್ಲ ಅಂಟಂಟಾಗುತ್ತದೆ. ದಿನಕ್ಕೆ ಹಲವು ಬಿಂದಿಗೆ ನೀರು ಬೇಕು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಾದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಳೆ ಹಿಡಿದ ಮೇಲೆ ಕೂಲರ್ ನಿಷ್ಪ್ರಯೋಜಕ.

ಇಷ್ಟರ ಮೇಲೂ ರೋಗಿಗಳಿಗೋ ಓದುವ ಮಕ್ಕಳಿಗೋ ಏಸಿ ಬೇಕೆನ್ನಿಸಿದರೆ ಒಂದೇ ಕೋಣೆಗೆ ಹಾಕಿಸಿರಿ. 10-12 ಅಡಿಯ ಕೋಣೆಗೆ 1 ಟನ್ ಸಾಕು; ನೇರ ತಾರಸಿಯ ಕೆಳಗಾದರೆ 1.5 ಟನ್. 'ಇನ್ವರ್ಟರ್ ಏಸಿ' ಎಂದರೆ ಕರೆಂಟು ಹೋದಾಗಲೂ ನಡೆಯುವುದೆಂದು ಕೆಲವರು ತಿಳಿದಿದ್ದಾರೆ. ಬ್ಯಾಟರಿಯ ಇನ್ವರ್ಟರಿಗೂ ಅದಕ್ಕೂ ಸಂಬಂಧವಿಲ್ಲ. ಅಗತ್ಯಕ್ಕೆ ತಕ್ಕಂತೆ ವೇಗ ತಗ್ಗಿಸಿ ಓಡುವ ಯಂತ್ರವೆಂದಷ್ಟೇ ಅರ್ಥ.

ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಲೇಬಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದಿದೆ ನೋಡಿರಿ. ನಕ್ಷತ್ರದ ಅಳತೆಯನ್ನು 2018ರಲ್ಲಿಯೂ 2022ರಲ್ಲಿಯೂ ಬಿಗಿಗೊಳಿಸಿದ್ದರಿಂದ ಹಳೆಯ ಐದು ಇಂದಿನ ಐದಲ್ಲ. ಲೇಬಲಿನ ಲೆಕ್ಕ ವರ್ಷಕ್ಕೆ 1,600 ಗಂಟೆಯದು. ನಾವು 75 ರಾತ್ರಿ, ರಾತ್ರಿಗೆ 8 ಗಂಟೆ ಓಡಿಸಿದರೆ 600 ಗಂಟೆಯಾಯಿತು. ಒಂದು ಯಂತ್ರದ ಮೇಲೆ 800, ಇನ್ನೊಂದರ ಮೇಲೆ 1,000 ಯೂನಿಟ್ ಎಂದಿದೆಯೆನ್ನೋಣ. ನಮ್ಮ ಬಳಕೆಯಲ್ಲಿ ಅಂತರ 75 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ವರ್ಷಕ್ಕೆ 525 ರೂಪಾಯಿ. ಬೆಲೆಯಲ್ಲಿ 8,000 ರೂಪಾಯಿ ಹೆಚ್ಚು ಕೊಟ್ಟಿದ್ದರೆ ಅದು ಹುಟ್ಟಲು 15 ವರ್ಷ ಬೇಕು! ಹಗಲೂ ರಾತ್ರಿ ಓಡಿಸುವವರಿಗೆ ಮಾತ್ರ ದುಬಾರಿಯದೇ ಲಾಭ. 2020ರಿಂದ ಯಂತ್ರಗಳು 24 ಡಿಗ್ರಿಗೇ ಹೊಂದಿಸಿ ಬರುತ್ತಿವೆ. ಫ್ಯಾನು ಜೊತೆಗಿಟ್ಟು 26ಕ್ಕೆ ಏರಿಸಿದರೂ ಸುಖನಿದ್ದೆ ಬರುತ್ತದೆ. ಹಳೆಯ ಮನೆಯಾದರೆ ಏಸಿಗೆ ಪ್ರತ್ಯೇಕ ತಾಮ್ರದ ತಂತಿ, ಪ್ರತ್ಯೇಕ ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಇಲ್ಲದೆ ಹಾಕಿಸಲೇಬಾರದು.

ಕೊಟೇಶನ್ ತೆಗೆದುಕೊಂಡವರು ಹಣ ಕಟ್ಟುವ ಮೊದಲು, ಲೇಬಲಿನ ಅಂಕಿ, ಕೋಣೆಯ ಅಳತೆ ಮತ್ತು ಕಳೆದ ಮೇ ತಿಂಗಳ ಬೆಸ್ಕಾಂ ಬಿಲ್ಲಿನೊಡನೆ ಕಚೇರಿಗೆ ಬನ್ನಿರಿ. ಕೂತು ಲೆಕ್ಕ ಹಾಕೋಣ. ಸುಣ್ಣ ಬೇಕಾದವರು ಬೋರ್ಡೋ ಸುಣ್ಣದ ಇಂಡೆಂಟಿನಲ್ಲಿಯೇ ಮನೆಯ ಚೀಲವನ್ನೂ ಸೇರಿಸಿ ಬರೆಯಿಸಬಹುದು.