ಕತ್ತಿಯ ಅಲಗಿನಲ್ಲಿ ಕಾಣುವ ತಾಮ್ರ

ಮುಂಗಾರು ಹಿಡಿಯುವ ಮೊದಲೇ ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ತೋಟಗಳಿಗೆ ಡ್ರಮ್ಮುಗಳು ಇಳಿಯುತ್ತವೆ. ಒಂದರಲ್ಲಿ 50 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ ಅಷ್ಟೇ ನೀರಿಗೆ ಒಂದು ಕೆ.ಜಿ. ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಿದರೆ ಕೊಳೆರೋಗ ತಡೆಯುವ ತಿಳಿನೀಲಿ ಬೋರ್ಡೋ ದ್ರಾವಣ ಸಿದ್ಧ. ಹದ ನೋಡಲು ತಿಕ್ಕಿ ಬೆಳಗಿಸಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿಡುತ್ತಾರೆ. ಅಲಗಿಗೆ ಇಟ್ಟಿಗೆಗೆಂಪು ಹತ್ತಿದರೆ ಸುಣ್ಣ ಸಾಲದು, ತಾಮ್ರ ಬಿಡಿಯಾಗಿ ಉಳಿದಿದೆ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಕಬ್ಬಿಣದ ಪಾತ್ರೆ ಬೇಡ ಅನ್ನುವುದೂ ತಾಮ್ರ ಹೀಗೆ ಕಬ್ಬಿಣಕ್ಕೆ ಹತ್ತುವ ಕಾರಣಕ್ಕೇ.

ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಈ ಔಷಧಿಯನ್ನು ಅಡಿಕೆ ಕೊನೆಗೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, 1910ರಲ್ಲಿ ಕೊಳೆರೋಗದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದಕ್ಕೂ ಮುಂಚೆ ನಮ್ಮವರು ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಅದೂ ಒಳ್ಳೆಯ ವಿಜ್ಞಾನವೇ. ಏಕೆಂದರೆ ಕೊಳೆ ತರುವ ಫೈಟಾಫ್ಥೊರಾಕ್ಕೆ ನೀರೇ ದಾರಿ. ನೋಟಕ್ಕೆ ಬೂಷ್ಟಿನಂತಿದ್ದರೂ ಅದು ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ನೆಂಟ. ಎರಡೆರಡು ಬಾಲದ ಅದರ ಬೀಜಕಗಳು ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜುತ್ತವೆ. ತಾಮ್ರ ಅವನ್ನು ಅಲ್ಲೇ ಕೊಲ್ಲುತ್ತದೆ, ಆದರೆ ರೋಗ ಕಾಯಿಯ ಒಳಹೊಕ್ಕ ಮೇಲೆ ಹೊರಗಿನ ತಾಮ್ರ ಏನೂ ಮಾಡಲಾರದು. 40-45 ದಿನಕ್ಕೆ ಎರಡನೇ ಔಷಧಿ ಹೊಡೆಯಲು ಕೊನೆಗಾರರು ಮಳೆಯ ಬಿಡುವಿಗೆ ಕಾಯುವ ಆತಂಕ ಅದಕ್ಕೇ.

ನನ್ನನ್ನು ಕಾಡುವುದು ಆಮೇಲಿನ ಕತೆ. ಮಳೆಗೆ ತೊಳೆದುಹೋದ ತಾಮ್ರ ಮಾಯವಾಗುವುದಿಲ್ಲ. ಮಣ್ಣಿನ ಮೇಲ್ಪದರದ ಗೊಬ್ಬರಾಂಶಕ್ಕೆ ಅಂಟಿ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಹೆಚ್ಚಾದರೆ ಎರೆಹುಳು, ಸೂಕ್ಷ್ಮಜೀವಿಗಳಿಗೆ ಕಷ್ಟ. ನಮ್ಮ ತೋಟಗಳಿರುವುದು ಕಣಿವೆಯ ತಳದಲ್ಲಿ, ಬಸಿಗಾಲುವೆಯ ನೀರು ಸೇರುವುದು ಹಳ್ಳಕ್ಕೆ. ಈಗ ಎಲೆಚುಕ್ಕಿ ರೋಗ ಬಂದು ಔಷಧಿಯ ಸುತ್ತುಗಳು ಹೆಚ್ಚುತ್ತಿವೆ.

ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಈ ತಾಮ್ರ ಎಷ್ಟು ಕೂಡಿದೆ, ಎಲ್ಲಿಗೆ ಹೋಗುತ್ತಿದೆ ಎಂದು ಅಳೆಯುವುದು ಅಲ್ಲಿನ ರೋಗ ನೋಡುವವರು, ಮಣ್ಣು ನೋಡುವವರು, ನೀರು ನೋಡುವವರು ಒಂದೇ ತೋಟದಲ್ಲಿ ಒಟ್ಟಿಗೆ ನಿಂತು ಮಾಡಬೇಕಾದ ಕೆಲಸ. ಬೆಳೆಗಾರರೂ ಮಣ್ಣು ಪರೀಕ್ಷೆಗೆ ಕೊಡುವಾಗ ರಸಸಾರ, ಪೊಟ್ಯಾಷ್ ಜೊತೆಗೆ ತಾಮ್ರದ ಅಂಶವನ್ನೂ ಕೇಳಿ ಬರೆಸಿಕೊಳ್ಳಬೇಕು.